ನಾಳಿ ಬರ್ರಿ

ನಮ್ಮ ಕಡೆ ಮನುಷ್ಯನಿಗೆ ಅರವತ್ತು ತುಂಬಿತು ಅಂದರೆ ಸಾಕು, ಕಂಡಕಂಡವರೆಲ್ಲ ದೇವರ ವಿಳಾಸ ಹೇಳತೊಡಗುತ್ತಾರೆ. "ಆತಲ್ರಿ ಸರ, ಇನ್ನ ಕಾಶಿಗೆ ಹೋಗಿ ಬರ್ರಿ" ಎನ್ನುವವರೊಬ್ಬರು. "ಯುಗಾದಿಗೆ ಶ್ರೀಶೈಲಕ್ಕ ನಡಕೋತ ಹೋಗೂಣು, ಹೆಸರ ಬರಸಲೇನ್ರಿ?" ಎನ್ನುವವರು ಇನ್ನೊಬ್ಬರು. ಪಂಢರಪುರದ ಗುಂಪಿನವರು ಬೇರೆ. ಬೀಳ್ಕೊಡುಗೆ ಸಮಾರಂಭದಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ನಿವೃತ್ತ ಜೀವನ ಸುಖಮಯವಾಗಿರಲಿ, ಶಾಂತಿಮಯವಾಗಿರಲಿ ಎಂದು ಹರಸುತ್ತಾರೆ. ಜಗಳಮಯವಾಗಿರಲಿ ಎಂದು ಹರಸಿದವರನ್ನು ನಾನಂತೂ ಕಂಡಿಲ್ಲ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿನಲ್ಲಿ ನಿವೃತ್ತರಾದ ಮೇಲೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವವರು ಯಾರು ಯಾರು ಎಂದು ನೋಡಿದರೆ, ಅವರಲ್ಲಿ ಬಹಳಷ್ಟು ಮಂದಿ ಯಾವುದಾದರೂ ಒಂದು ಕಚೇರಿಯ ಸಂಗಡ ಜಗಳ ಇಟ್ಟುಕೊಂಡವರೇ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ತಲೆ ಬೆಳ್ಳಗೆ ಮಾಡಿಕೊಂಡವನು. ನೌಕರಿಯಲ್ಲಿದ್ದಾಗ ನನ್ನ ಧೈರ್ಯವೆಲ್ಲ ಪಾಠದೊಳಗೇ ಖರ್ಚಾಗುತ್ತಿತ್ತು. ರನ್ನ ಹುಟ್ಟಿದ್ದು ನಮ್ಮ ಮುಧೋಳದಲ್ಲಿ. ಅವನ ಭೀಮನ ಸಿಟ್ಟನ್ನು ವಿವರಿಸುವಾಗ ನಾನೇ ಗದೆ ಹಿಡಿದವನಂತೆ ಗರ್ಜಿಸುತ್ತಿದ್ದೆ. ಗಂಟೆ ಹೊಡೆದ ಮೇಲೆ ಅದೇ ಭೀಮ ಹೆಡ್‌ಮಾಸ್ತರರ ಕೋಣೆಯ ಮುಂದೆ ಚಪ್ಪಲಿ ಸಪ್ಪಳಾಗದಂತೆ ನಡೆದು ಹೋಗುತ್ತಿದ್ದ. ವರ್ಗಾವಣೆ ಎಂಬ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕಿತ್ತು, ನನ್ನಂಥವರ ಅಭಿಪ್ರಾಯಗಳೆಲ್ಲ ಒಂದೇ ರಾತ್ರಿಯಲ್ಲಿ ಸೌಮ್ಯವಾಗುತ್ತಿದ್ದವು. ಮೆರವಣಿಗೆ ಬಂದರೆ ಪಾನಂಗಡಿಯ ಒಳಗೆ ಸರಿದು ನಿಂತು, ಅದು ದಾಟಿದ ಮೇಲೆ, "ಹುಡುಗರು ಹೇಳೂದು ಖರೇ ಐತಿ" ಎಂದು ಪಾನಂಗಡಿಯವನಿಗಷ್ಟೇ ಕೇಳುವಂತೆ ಹೇಳುತ್ತಿದ್ದೆವು.

ನಿವೃತ್ತಿಯ ಮರುದಿನ ಹೊಳೆದ ಸಂಗತಿ ಬಹಳ ಸಣ್ಣದು. ಇನ್ನು ನನ್ನನ್ನು ಯಾರೂ ಎಲ್ಲಿಗೂ ವರ್ಗ ಮಾಡಲಾರರು. ಮಾಡಬಲ್ಲವನು ಮೇಲಿರುವವನೊಬ್ಬನೇ, ಅವನಾದರೋ ಅರ್ಜಿ, ಶಿಫಾರಸು ಯಾವುದನ್ನೂ ನೋಡುವವನಲ್ಲ. ಅಂದಮೇಲೆ ಬೆನ್ನು ತುಸು ನೆಟ್ಟಗಾಯಿತು. ಇದನ್ನು ಧೈರ್ಯ ಎಂದು ಕರೆಯಲು ನನಗೆ ಸಂಕೋಚವಿದೆ. ಕಳೆದುಕೊಳ್ಳುವುದು ಏನೂ ಉಳಿಯದಿದ್ದಾಗ ಬರುವ ಸಡಿಲು ಅದು. ಆದರೆ ಎದುರಿಗೆ ಕೂತ ಅಧಿಕಾರಿಗೆ ಈ ಎರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ, ಅಷ್ಟು ಸಾಕು.

ಹಿರಿಯರು ಹೋರಾಟಕ್ಕೆ ಯಾಕೆ ಬೇಕು ಎಂದರೆ ಜನ ಅನುಭವ, ಮಾರ್ಗದರ್ಶನ ಎಂದು ದೊಡ್ಡ ದೊಡ್ಡ ಮಾತಾಡುತ್ತಾರೆ. ನನ್ನ ಉತ್ತರ ಬೇರೆ. ನಮ್ಮ ಹತ್ತಿರ ಹೊತ್ತಿದೆ. ಹಿಂದೊಮ್ಮೆ ಕರ್ನಾಟಕದ ಊರೂರಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಸುಣ್ಣದಲ್ಲೋ ಇದ್ದಿಲಲ್ಲೋ ಬರೆಯುತ್ತಿದ್ದರು, ನೆನಪಿರಬೇಕು. ರಾತ್ರಿ ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ತಿರುಗಿ ಹೋಗುತ್ತಿತ್ತಂತೆ, ಮರುದಿನ ಬಂದು ಮತ್ತೆ ಓದುತ್ತಿತ್ತಂತೆ. ದೆವ್ವಕ್ಕೆ ಅಕ್ಷರ ಬರುತ್ತಿತ್ತು ಎಂಬುದು ಮಾಸ್ತರನಾದ ನನಗೆ ಸಂತೋಷದ ಸಂಗತಿ. ನಮ್ಮ ಕಚೇರಿಗಳು ಈ ವಿದ್ಯೆಯನ್ನು ಸುಣ್ಣವಿಲ್ಲದೆಯೇ ಕಲಿತಿವೆ. "ಸಾಹೇಬರು ಮೀಟಿಂಗಿಗೆ ಹೋಗ್ಯಾರ, ನಾಳಿ ಬರ್ರಿ." "ಸರ್ವರ್ ಇಲ್ರಿ, ನಾಳಿ ಬರ್ರಿ." "ಆ ಟೇಬಲ್ಲಿನವರು ರಜಾ ಅದಾರ, ನಾಳಿ ಬರ್ರಿ."

ಈ ‘ನಾಳಿ’ಯ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಬನಹಟ್ಟಿಯಲ್ಲಿ ಮಗ್ಗದ ಮೇಲಿರುವವನು ತಾಲ್ಲೂಕು ಕಚೇರಿಗೆ ಬಂದ ದಿನ ಅವನ ಮಗ್ಗ ನಿಂತಿರುತ್ತದೆ. ನೇಯ್ದಷ್ಟಕ್ಕೇ ಕೂಲಿ, ನೇಯದಿದ್ದರೆ ಇಲ್ಲ. ಕಬ್ಬು ಕಡಿಯುವ ಹೆಣ್ಣುಮಗಳಿಗೆ ನಾಳೆ ಅಂದರೆ ಇನ್ನೊಂದು ದಿನದ ಪಗಾರು ಹೋಯಿತು. ಅವರು ಎರಡು ಸಲ ಬರುತ್ತಾರೆ, ಮೂರನೆಯ ಸಲಕ್ಕೆ ಕೈಬಿಡುತ್ತಾರೆ. ಕಚೇರಿ ಗೆಲ್ಲುವುದು ಹೀಗೆ. ಇಲ್ಲ ಎನ್ನಬೇಕಾಗಿಯೇ ಇಲ್ಲ. ಪಿಂಚಣಿದಾರನಿಗೆ ಹಾಗಲ್ಲ. ನಾಳೆ ಬಾ ಅಂದರೆ ನಾಳೆ ಹೋಗಲಿಕ್ಕೆ ಒಂದು ಜಾಗ ಆಯಿತಲ್ಲ ಎಂದು ಅವನು ಖುಷಿಯಾಗಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪೇಪರ್ ಹಿಡಿದುಕೊಂಡು, ಗುಮಾಸ್ತರಿಗಿಂತ ಮೊದಲೇ ಬಂದು ಬಾಕಿನ ಮೇಲೆ ಕೂತಿರುತ್ತಾನೆ. ಐದಾರು ‘ನಾಳೆ’ಗಳು ಕಳೆದ ಮೇಲೆ ಒಳಗಿನವರಿಗೇ ಮುಜುಗರವಾಗತೊಡಗುತ್ತದೆ.

ಇದನ್ನು ನನಗೆ ಕಲಿಸಿದವಳು ಬನಹಟ್ಟಿಯ ಒಬ್ಬ ಅವ್ವ. ಹೆಸರು ಬೇಡ. ಜೀವಮಾನವೆಲ್ಲ ಕಂಡಿಕಿ ಸುತ್ತಿದ ಕೈ. ಬಲಗೈಯ ಹೆಬ್ಬೆರಳು ನೂಲು ಹಿಡಿದೂ ಹಿಡಿದೂ ಒಂದು ಕಡೆ ಸವೆದು ಗೀರು ಬಿದ್ದಿದೆ. ಸರ್ಕಾರದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಆಕೆಗೆ ತಿಂಗಳಿಗೆ 1,200 ರೂಪಾಯಿ ಬರುತ್ತಿತ್ತು. ಅದು ಒಮ್ಮೆ ನಿಂತುಹೋಯಿತು. ಕೇಳಲು ಹೋದರೆ ಆಧಾರ್ ಎಂದರು, ಬ್ಯಾಂಕ್ ಎಂದರು, ಕಡೆಗೆ ಕಂಪ್ಯೂಟರಿನಲ್ಲಿ ಆಕೆ ತೀರಿಕೊಂಡಿದ್ದಾಳೆ ಎಂದರು. ಆಕೆ ಸಿಟ್ಟಾಗಲಿಲ್ಲ. ಸೆರಗು ಸರಿ ಮಾಡಿಕೊಂಡು, "ಹೌದೇನೋ ತಮ್ಮಾ? ಮಣ್ಣು ಮಾಡಾಕ ಯಾರ‍್ಯಾರು ಬಂದಿದ್ರು, ಅದನ್ನೂ ಅದರಾಗ ನೋಡಿ ಹೇಳು" ಎಂದಳು. ಇಡೀ ಕೋಣೆ ನಕ್ಕಿತು. ಕಂಪ್ಯೂಟರಿನ ಹುಡುಗನ ಮುಖ ಕೆಂಪಾಯಿತು. ಆಕೆಯನ್ನು ಬದುಕಿಸಲು ಇಲಾಖೆಗೆ ಕೆಲವು ತಿಂಗಳು ಹಿಡಿಯಿತು, ಆದರೆ ಬದುಕಿಸಿದರು.

ವಿಶೇಷವೇನೆಂದರೆ, ತನ್ನದು ಸರಿಹೋದ ಮೇಲೆ ಆಕೆ ಮನೆಗೆ ಹೋಗಿ ಕೂರಲಿಲ್ಲ. ಓಣಿಯಲ್ಲಿ ಹೀಗೆ ಕಂಪ್ಯೂಟರಿನಲ್ಲಿ ಸತ್ತವರು ಇನ್ನೂ ಇಬ್ಬರು ಮೂವರಿದ್ದರು. ಅವರನ್ನು ಕೈಹಿಡಿದು ಕರೆದುಕೊಂಡು ಹೋಗತೊಡಗಿದಳು. ಈಗ ಓಣಿಯ ನಳದ ನೀರು, ಗಟಾರು, ಬೀದಿದೀಪ ಎಲ್ಲಕ್ಕೂ ನಗರಸಭೆಗೆ ಹೋಗುವುದು ಆಕೆಯೇ. ಸಹಿ ಬಾರದು, ಹೆಬ್ಬೆಟ್ಟು. ಆ ಸವೆದ ಹೆಬ್ಬೆಟ್ಟಿನ ಗುರುತು ಯಂತ್ರ ಹಿಡಿಯುವುದಿಲ್ಲವೆಂದೇ ಮೊದಲ ತೊಂದರೆ ಶುರುವಾದದ್ದು ಎಂದು ಆಮೇಲೆ ತಿಳಿಯಿತು. ಕೆಲಸ ಮಾಡಿ ಮಾಡಿ ಬೆರಳು ಸವೆಸಿಕೊಂಡದ್ದಕ್ಕೆ ಪಿಂಚಣಿ ನಿಲ್ಲುವ ಲೋಕದಲ್ಲಿ ನಾವಿದ್ದೇವೆ.

ಪಿಂಚಣಿಯ ವಿಷಯ ಬಂದಿತೆಂದು ಹೇಳುತ್ತೇನೆ: ನಾವು ನಿವೃತ್ತ ನೌಕರರೂ ಪ್ರತಿ ನವೆಂಬರಿನಲ್ಲಿ ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಉಳಿದ ಹನ್ನೊಂದು ತಿಂಗಳು ಅದಕ್ಕೆ ಬೇರೆ ಪುರಾವೆ ಏನಿದೆ? ಧರಣಿಯ ಪೆಂಡಾಲಿನಲ್ಲಿ ಕೂತಿದ್ದರೆ ಕನಿಷ್ಠ ಪೇಪರಿನಲ್ಲಾದರೂ ಫೋಟೋ ಬರುತ್ತದೆ.

ನನ್ನ ಪಾಲಿಗೆ ಬಂದ ಕೆಲಸ ಬರವಣಿಗೆಯದು. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಶಬ್ದ ಮೀರುವಂತಿಲ್ಲ. ಇದನ್ನು ಮಾಡಿದವರು ಯಾರೋ ಗೊತ್ತಿಲ್ಲ, ಕನ್ನಡ ಮಾಸ್ತರರನ್ನು ಸೋಲಿಸಲೆಂದೇ ಮಾಡಿದ್ದಾರೆ. ‘ಮಾನ್ಯರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರು ಮಾಡಿ, ಊರಿನ ಇತಿಹಾಸ ಹೇಳಿ, ರಸ್ತೆಯ ಹೊಂಡಕ್ಕೆ ಬರುವಷ್ಟರಲ್ಲಿ ನನ್ನ ಶಬ್ದಗಳು ಮುಗಿದಿರುತ್ತಿದ್ದವು. ವರ್ಷಗಟ್ಟಲೆ ಮಕ್ಕಳಿಗೆ ‘ಮೂರನೆಯ ಒಂದು ಭಾಗಕ್ಕೆ ಸಂಕ್ಷೇಪಿಸಿರಿ’ ಎಂದು ಪ್ರಶ್ನೆ ಕೊಟ್ಟವನಿಗೆ ಈಗ ಅದೇ ಪ್ರಶ್ನೆ. ಈಗ ಪಳಗಿದ್ದೇನೆ. ಎಷ್ಟು ಹಣ ಮಂಜೂರಾಯಿತು, ಎಷ್ಟು ಖರ್ಚಾಯಿತು, ಅಳತೆ ಪುಸ್ತಕದ ನಕಲು ಕೊಡಿ. ಮುಗಿಯಿತು. ವಿಶೇಷಣ ಹಾಕುವುದಿಲ್ಲ. ಅಳತೆ ಪುಸ್ತಕ ಎಂಬ ಮಾತು ಕಂಡ ಕೂಡಲೇ ಕಚೇರಿಯಲ್ಲಿ ಖುರ್ಚಿಗಳು ಅಲುಗಾಡುತ್ತವೆ. ಕಾಗದದಲ್ಲಿ ಇಷ್ಟು ಅಗಲ, ಇಷ್ಟು ದಪ್ಪ ಎಂದು ಬರೆದ ರಸ್ತೆಯನ್ನು ನಾಲ್ಕು ಮಂದಿ ಮುದುಕರು ಟೇಪು ಹಿಡಿದು ಅಳೆಯಲು ಹೊರಟರೆ, ಮೊದಲು ಚಹಾ ಕರೆಯುತ್ತಾರೆ, ಆಮೇಲೆ ಡಾಂಬರು ಬರುತ್ತದೆ.

ಕಾಯುವ ಮಾತಿಗೆ ಬಂದರೆ ರೈಲಿನ ಕಥೆ ಹೇಳಲೇಬೇಕು. ಬಾಗಲಕೋಟೆ–ಕುಡಚಿ ಮಾರ್ಗ, ಸುಮಾರು 142 ಕಿ.ಮೀ. 2010ರ ಸುಮಾರಿಗೆ ಮಂಜೂರಾಯಿತು. ಹಳಿ ಖಜ್ಜಿಡೋಣಿ ಮುಟ್ಟಲಿಕ್ಕೇ ವರ್ಷಗಳು ಹಿಡಿದವು, ಅಲ್ಲಿಂದ ಲೋಕಾಪುರದ ಕಡೆ ಹೊರಳುವಷ್ಟರಲ್ಲಿ ಇನ್ನಷ್ಟು. ಈ ಹೋರಾಟ ಎಂದರೆ ನಮ್ಮ ಕಡೆ ಮೊದಲು ಬಾಯಿಗೆ ಬರುವ ಹೆಸರು ಕುತುಬುದ್ದೀನ್ ಖಾಜಿಯವರದು. ಮನವಿ, ಧರಣಿ, ದಿಲ್ಲಿಗೆ ಓಡಾಟ, ಮತ್ತೆ ಮನವಿ. ಮಂತ್ರಿಗಳು ಬದಲಾದರು, ಸರ್ಕಾರಗಳು ಬದಲಾದವು, ಮನವಿ ಬದಲಾಗಲಿಲ್ಲ. ನಮ್ಮ ಜಮಖಂಡಿಗೆ ಇನ್ನೂ ರೈಲು ಬಂದಿಲ್ಲ. ಪಟವರ್ಧನರ ಅರಮನೆ ಇದೆ, ರಾಜ್ಯಕ್ಕೆ ಮುಖ್ಯಮಂತ್ರಿಯಾಗಿ ದೇಶಕ್ಕೆ ಉಪರಾಷ್ಟ್ರಪತಿಯಾದ ಬಿ.ಡಿ. ಜತ್ತಿಯವರು ಇದೇ ತಾಲ್ಲೂಕಿನ ಸಾವಳಗಿಯವರು. ಇಷ್ಟಿದ್ದೂ ರೈಲು ನೋಡಬೇಕೆಂದರೆ ಬಸ್ಸು ಹತ್ತಬೇಕು. ಇಂಥ ಹೋರಾಟವನ್ನು ಇಪ್ಪತ್ತೈದರ ಹುಡುಗನಿಗೆ ವಹಿಸಿದರೆ ಅವನಿಗೆ ಮದುವೆಯಾಗಬೇಕು, ನೌಕರಿ ಹುಡುಕಬೇಕು, ಪುಣೆಗೆ ಹೋಗಬೇಕು. ಇದು ಕಾಯಬಲ್ಲವರ ಕೆಲಸ.

ನದಿ ದಂಡೆಯ ಮುದುಕರು ಮಾತ್ರ ಹುಟ್ಟಿನಿಂದಲೇ ಬೇರೆ ಜಾತಿಯವರು. ಚಿಕ್ಕಪಡಸಲಗಿಯ ಬ್ಯಾರೇಜು ನೋಡಿದವರಿಗೆ ಇದು ಗೊತ್ತು. ಬೇಸಿಗೆಯಲ್ಲಿ ಕೃಷ್ಣೆ ಬತ್ತುತ್ತಿದ್ದಳು. ಸರ್ಕಾರ ಕಟ್ಟುವವರೆಗೆ ಕಾದರೆ ಆಗದೆಂದು ರೈತರೇ ಹಣ ಕೂಡಿಸಿ, ತಾವೇ ಬೆವರು ಸುರಿಸಿ, 1989ರಲ್ಲಿ ನದಿಗೆ ಅಡ್ಡ ಬ್ಯಾರೇಜು ಕಟ್ಟಿಬಿಟ್ಟರು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಅಂದಿನಿಂದ ಅವರು ಬ್ಯಾರೇಜ್ ಸಿದ್ದು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯವರಂಥವರನ್ನೇ ಸೋಲಿಸಿ, ಕೇಂದ್ರದಲ್ಲಿ ಮಂತ್ರಿಯೂ ಆದರು. 2018ರ ಮೇ ತಿಂಗಳಲ್ಲಿ, ಮತ್ತೆ ಶಾಸಕರಾಗಿ ಆರಿಸಿ ಬಂದ ಕೆಲವೇ ದಿನಕ್ಕೆ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬ್ಯಾರೇಜು ಕಟ್ಟುವಾಗ ಮೂವತ್ತರ ಹರೆಯದಲ್ಲಿ ಕಲ್ಲು ಹೊತ್ತವರು ಈಗ ಅರವತ್ತೈದರ ಆಚೆ ಈಚೆ ಇದ್ದಾರೆ. ಮೊಣಕಾಲು ನೋವು, ಸಕ್ಕರೆ ಕಾಯಿಲೆ ಎಲ್ಲ ಇದೆ. ಆದರೆ ಇಂಜಿನಿಯರ್ ಒಬ್ಬ ಬಂದು "ಇದು ಆಗೂದಿಲ್ರಿ" ಎಂದರೆ ಅವರ ಮುಖದಲ್ಲಿ ಒಂದು ನಗೆ ಮೂಡುತ್ತದೆ. ಆಗುವುದಿಲ್ಲ ಎಂದದ್ದನ್ನು ಒಮ್ಮೆ ಮಾಡಿ ಮುಗಿಸಿದವರ ನಗೆ ಅದು. ಅಂಥವರನ್ನು ಹೆದರಿಸುವುದು ಕಷ್ಟ.

ಬೀಳಗಿ ಕಡೆಯ ಹಿರಿಯರ ಧೈರ್ಯ ಇನ್ನೊಂದು ಬಗೆಯದು. ಅವರಿಗೆ ನೀರು ಕಡಿಮೆಯಾದದ್ದಲ್ಲ, ಹೆಚ್ಚಾದದ್ದು ಚಿಂತೆ. ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಹೋದವು, ಮನೆ ಹೋದವು. ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್, ಅದು 524.256ಕ್ಕೆ ಏರಬೇಕೆಂಬುದು ಯೋಜನೆ. ಗಲಗಲಿ ಕಡೆ ಶಾಲೆಯ ಮೆಟ್ಟಿಲು ಹತ್ತದ ಅಜ್ಜನೊಬ್ಬ, "ಐನೂರಾ ಇಪ್ಪತ್ನಾಕು ಪಾಯಿಂಟ್ ಎರಡು ಐದು ಆರು" ಎಂದು ಬಾಯಿ ತೊದಲದೆ ಹೇಳುವುದನ್ನು ಕೇಳಿದ್ದೇನೆ. ನಿಮ್ಮ ಬಿಪಿ ಎಷ್ಟು ಅಜ್ಜಾರ ಎಂದರೆ, "ಅದೇನೋ ಡಾಕ್ಟರ ಚೀಟಿಯಾಗ ಬರದಾನ" ಎಂದ. ಮೀಟರಿನ ಮೂರನೆಯ ದಶಮಾಂಶದಲ್ಲಿ ಅವನ ಬದುವಿದೆ, ಅದಕ್ಕೆ ನೆನಪಿದೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ್ದಕ್ಕೆ 30 ಲಕ್ಷ ಎಂದು ನಿಗದಿ ಮಾಡಿತು. ಅಂಥ ದರವೊಂದು ಕಾಗದಕ್ಕೆ ಬರುವುದರ ಹಿಂದೆ ಎಷ್ಟು ಜನ ಅಜ್ಜಂದಿರು ಎಷ್ಟು ಪೆಂಡಾಲಿನಡಿ ಎಷ್ಟು ಮಧ್ಯಾಹ್ನ ಕೂತಿದ್ದಾರೆಂಬುದು ಆದೇಶದಲ್ಲಿ ಇರುವುದಿಲ್ಲ.

ಮುಧೋಳದ್ದು ಕಬ್ಬಿನ ಸಿಟ್ಟು. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ರಸ್ತೆಗಿಳಿದರು, ಸರ್ಕಾರ 3,300 ಎಂದಿತು, ಮುಧೋಳದ ಕಡೆ ಅದಾದ ಮೇಲೂ ಚಳವಳಿ ತಣ್ಣಗಾಗಲಿಲ್ಲ. ಇಲ್ಲಿನ ಮಣ್ಣಿಗೆ ಹಳೆಯ ಚಾಳಿ ಅದು. 1857ರ ನವೆಂಬರಿನಲ್ಲಿ ಹಲಗಲಿಯ ಬೇಡರು ಹತಾರ ಒಪ್ಪಿಸುವುದಿಲ್ಲ ಎಂದು ಕಂಪನಿ ಸರ್ಕಾರಕ್ಕೆ ಎದುರು ನಿಂತರು; ಕಂಪನಿಯವರು ಊರು ಸುಟ್ಟರು, ಸೆರೆಸಿಕ್ಕವರನ್ನು ಗಲ್ಲಿಗೇರಿಸಿದರು. ನಮ್ಮ ಭಾಷಣಕಾರರು ಅವರಿಗೆ ಇಂದಿಗೂ ಬಿಡುವು ಕೊಟ್ಟಿಲ್ಲ. ಬೀದಿದೀಪ ಹೋದರೂ "ಹಲಗಲಿ ರಕ್ತ ಹರಿಯುವ ನಾಡಿದು" ಎಂದೇ ಶುರು. ಪಾಪ, ಹಲಗಲಿಯ ಜಡಗ, ಬಾಲರು ಬಲ್ಬಿಗಾಗಿ ಸತ್ತವರಲ್ಲ.

ಧರಣಿ, ರಸ್ತಾ ರೋಕೋ ಎಂದರೆ ಹುಡುಗರಿಗೆ ಘೋಷಣೆ ಮುಖ್ಯ. ನಮಗೆ ಎದ್ದೇಳುವುದು ಮುಖ್ಯ. ನೆಲದ ಮೇಲೆ ಕೂರುವುದೇನೋ ಕೂತುಬಿಡುತ್ತೇವೆ. ಒಮ್ಮೆ ಹೀಗೆ ರಸ್ತೆಯ ನಡುವೆ ಕೂತಿದ್ದಾಗ ಪೊಲೀಸರು ನಮ್ಮನ್ನು ವಶಕ್ಕೆ ತೆಗೆದುಕೊಳ್ಳಲು ಬಂದರು. ಹುಡುಗರು ಪಟಪಟ ವ್ಯಾನ್ ಹತ್ತಿದರು. ನಮ್ಮದು ಏಳೆಂಟು ಮಂದಿಯ ಹಿರಿಯರ ತಂಡ. ವ್ಯಾನಿನ ಮೆಟ್ಟಿಲು ಎತ್ತರ. ಒಬ್ಬರು ಕಾಲೆತ್ತಿದರು, ಇಳಿಸಿದರು. ಇನ್ನೊಬ್ಬರು ಕೋಲು ಒಳಗೆಸೆದರು, ತಾವು ಹೊರಗೇ ಉಳಿದರು. ಕಡೆಗೆ ಹವಾಲ್ದಾರ ಎದುರಿನ ಹೋಟೆಲಿನಿಂದ ಒಂದು ಸ್ಟೂಲ್ ತರಿಸಿದ. "ನಿಧಾನ್ರಿ ಅಜ್ಜಾರ, ಅವಸರ ಇಲ್ಲ, ಕೈ ಹಿಡೀರಿ" ಎನ್ನುತ್ತ ಒಬ್ಬೊಬ್ಬರನ್ನೇ ಹತ್ತಿಸಿದ. ಸರ್ಕಾರದ ವಿರುದ್ಧ ಧಿಕ್ಕಾರ ಕೂಗುತ್ತ, ಸರ್ಕಾರದ ಕೈ ಹಿಡಿದುಕೊಂಡೇ ನಾವು ಬಂಧನಕ್ಕೊಳಗಾದೆವು. ಠಾಣೆಯಲ್ಲಿ ಹೆಸರು, ವಯಸ್ಸು ಬರೆದುಕೊಂಡು, ಬಿಪಿ ಗುಳಿಗೆಗೆ ನೀರು ಕೊಟ್ಟು, ಸಂಜೆಗೆ ಬಿಟ್ಟರು. ಮನೆಯಲ್ಲಿ ನಮ್ಮಾಕೆ ಕೇಳಿದ್ದು ಒಂದೇ: "ಹೊಸಾ ಧೋತರ ಉಟಗೊಂಡು ಡಾಂಬರ ಮ್ಯಾಲೆ ಕುಂತಿದ್ರೇನು?" ಇಲಾಖೆಗಳಿಗೆಲ್ಲ ಮೂವತ್ತು ದಿನದಲ್ಲಿ ಉತ್ತರ ಕೇಳುವ ನಾನು ಈ ಪ್ರಶ್ನೆಗೆ ಇಂದಿಗೂ ಉತ್ತರ ಕೊಟ್ಟಿಲ್ಲ.

ಮಕ್ಕಳು ಫೋನ್ ಮಾಡಿ, ಈ ವಯಸ್ಸಿನಾಗ ಇದೆಲ್ಲಾ ಯಾಕ ಬೇಕಪ್ಪಾ ಎನ್ನುತ್ತಾರೆ. ಆಗ ನಾನು ಶಿವರಾಮ ಕಾರಂತರ ಹೆಸರು ಹೇಳುತ್ತೇನೆ. ಕೈಗಾ ಅಣುಸ್ಥಾವರ ಬೇಡವೆಂದು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತಾಗ ಅವರಿಗೆ 87. ಗೆಲ್ಲಲಿಲ್ಲ, ಅದು ಬೇರೆ ಮಾತು. ಎಚ್.ಎಸ್. ದೊರೆಸ್ವಾಮಿಯವರು ಬೆಂಗಳೂರಿನಲ್ಲಿ ಭೂಗಳ್ಳರ ವಿರುದ್ಧ ಧರಣಿ ಕೂತಾಗ 96. ಬಂಗಾಳದ ಮಾತಂಗಿನಿ ಹಾಜ್ರಾ 1942ರಲ್ಲಿ ಬಾವುಟ ಹಿಡಿದು ಗುಂಡಿಗೆದುರಾದಾಗ ಎಪ್ಪತ್ತು ದಾಟಿತ್ತು. ಅಷ್ಟು ಹಿಂದಕ್ಕೆ ಯಾಕೆ, ಸ್ವಿಟ್ಜರ್ಲೆಂಡಿನಲ್ಲಿ ಅರವತ್ತನಾಲ್ಕು ದಾಟಿದ ಎರಡು ಸಾವಿರಕ್ಕೂ ಹೆಚ್ಚು ಅಜ್ಜಿಯರು ಸಂಘ ಕಟ್ಟಿಕೊಂಡು, ಬಿಸಿಲು ಏರುತ್ತಿದೆ, ನಮ್ಮ ಸರ್ಕಾರ ಕೈಕಟ್ಟಿ ಕೂತಿದೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ, 2024ರ ಏಪ್ರಿಲ್ 9ರಂದು ಗೆದ್ದೇ ಬಂದರು. ಅಲ್ಲಿಯ ಬಿಸಿಲಿಗೇ ಅಷ್ಟು ಸಿಟ್ಟು ಬಂದರೆ, ಅವರನ್ನು ಏಪ್ರಿಲ್‌ನಲ್ಲಿ ಒಂದು ವಾರ ಬೀಳಗಿಗೆ ಕರೆತರಬೇಕಿತ್ತು ಎನಿಸುತ್ತದೆ.

ಆದರೆ ನಮ್ಮ ಪೈಕಿ ಕೆಲವರಿಗೆ ಒಂದು ರೋಗ ಹತ್ತುತ್ತದೆ. ಅದನ್ನೂ ಹೇಳದಿದ್ದರೆ ಅನ್ಯಾಯ. ಮೈಕಿನ ರೋಗ. ಮೊದಲು ಸಭೆಯಲ್ಲಿ ಹಿಂದೆ ಕೂತಿದ್ದವರು ಗೌರವಾಧ್ಯಕ್ಷರಾಗುತ್ತಾರೆ, ಆಮೇಲೆ ಗೌರವ ಉದುರಿ ಬರೀ ಅಧ್ಯಕ್ಷರಾಗಿ ಉಳಿಯುತ್ತಾರೆ, ಮುಂದೆ ಆ ಖುರ್ಚಿಯಿಂದ ಏಳುವುದೇ ಇಲ್ಲ. ಎರಡು ಮಾತು ಎಂದು ಶುರು ಮಾಡಿ ಮುಕ್ಕಾಲು ತಾಸು ಹೊಡೆಯುತ್ತಾರೆ. ಮನವಿ ಸ್ವೀಕರಿಸಲು ಬಂದ ತಹಶೀಲ್ದಾರರು ಬಿಸಿಲಲ್ಲಿ ನಿಂತು ಬೆವರುತ್ತಾರೆ. ಅದೊಂದು ಚಳವಳಿಯೇ ಎನ್ನಿ. ನನ್ನ ಮಟ್ಟಿಗೆ ಈ ಹಂಚಿಕೆ ಸರಿ: ಮೈಕು, ಮುಂದಾಳತ್ವ, ಬ್ಯಾನರಿನ ದೊಡ್ಡ ಫೋಟೋ ಎಲ್ಲ ಮಗ್ಗದ ಹುಡುಗರಿಗೆ, ಕಬ್ಬಿನ ಹುಡುಗಿಯರಿಗೆ ಇರಲಿ. ಫೈಲು, ನಕಲು, ಪೋಸ್ಟಲ್ ಆರ್ಡರು, ಬಾಕಿನ ಮೇಲೆ ಕೂಡುವುದು, ನಾಳಿ ಬರ್ರಿ ಎಂದರೆ ನಾಳೆ ಹೋಗುವುದು ನಮಗಿರಲಿ. ಹೀಗೆ ಹೇಳಿದ್ದಕ್ಕೆ ನಮ್ಮ ಸಮಿತಿಯ ಹಿರಿಯರೊಬ್ಬರು ನನ್ನ ಸಂಗಡ ಈಗ ಮಾತು ಬಿಟ್ಟಿದ್ದಾರೆ. ಮೈಕಿನಲ್ಲಿ ಮಾತ್ರ ಆಡುತ್ತಾರೆ.

ಈ ವರ್ಷ ಅರವತ್ತು ತುಂಬುತ್ತಿರುವ ಗೆಳೆಯರಲ್ಲಿ ಒಂದು ವಿನಂತಿ. ಕಾಶಿಗೆ ಹೋಗಿ ಬನ್ನಿ, ಬೇಡ ಎನ್ನುವುದಿಲ್ಲ. ಬಂದ ಮೇಲೆ ನಿಮ್ಮ ವಾರ್ಡಿನ ಸಭೆಯೋ ಗ್ರಾಮಸಭೆಯೋ ಯಾವಾಗ ಎಂದು ಕೇಳಿ ಹೋಗಿ ಬನ್ನಿ. ಹೋಗುವಾಗ ಓದುವ ಕನ್ನಡಕ ಮರೆಯಬೇಡಿ. ನೋಟಿಸನ್ನು ಬಹಳ ಸಣ್ಣಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿರುತ್ತಾರೆ.